ಕರೆಂಟು, ಕಾನೂನು ಮತ್ತು ನಮ್ಮ ಗಿರಣಿ



ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಮೈಸೂರಿಗೆ ವಿದ್ಯುದ್ದೀಪ ಬಂದದ್ದು 1908ರಲ್ಲಿ. ಅಂದರೆ ಈ ಸೀಮೆಯಲ್ಲಿ ಕರೆಂಟು ಮನೆಗಿಂತ ಮೊದಲು ಜನ ದುಡಿಯುವ ಜಾಗಕ್ಕೆ ಬಂತು.

ಬ್ರಿಟಿಷ್ ಇಂಡಿಯಾದಲ್ಲಿ 1910ರಲ್ಲಿ ವಿದ್ಯುತ್ ಕಾಯಿದೆಯಾಯಿತು. ಅದರಡಿ 1956ರಲ್ಲಿ ಬಂದ ನಿಯಮಗಳು ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದವು. ತ್ರೀ ಫೇಸ್ ಮೋಟಾರಿನ ಮೈಗೆ ಬೇರೆ ಬೇರೆಯಾಗಿ ಎರಡು ಅರ್ಥಿಂಗ್ ಇರಬೇಕು. ತಲೆಬುರುಡೆಯ ಅಪಾಯದ ಬೋರ್ಡು ಸ್ಥಳೀಯ ಭಾಷೆಯಲ್ಲೂ ಇರಬೇಕು. ಪ್ರಾಣಹಾನಿಯಾದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. 2003ರ ಹೊಸ ಕಾಯಿದೆ 1910ರದನ್ನು ರದ್ದು ಮಾಡಿತು. ಹೊಣೆ ಮಾತ್ರ ರದ್ದಾಗಲಿಲ್ಲ.

ಇನ್ನು ನಮ್ಮ ಕಥೆ. ಸಂಘದ ಹಿಟ್ಟಿನ ಗಿರಣಿ ಕೂರಿಸುವಾಗ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಮುಹೂರ್ತ ನೋಡಿದೆವು, ಅರ್ಥಿಂಗ್ ನೋಡಲಿಲ್ಲ. ಒಂದು ಮಳೆಗಾಲ ಮೋಟಾರು ಮುಟ್ಟಿದ ಕೆಲಸದ ಹುಡುಗನನ್ನು ಕರೆಂಟು ಹಿಡ್ಕೊಂಡಿತು. ಯಾರೋ ಓಡಿಹೋಗಿ ಮೇನ್ ಆಫ್ ಮಾಡಿದ್ದರಿಂದ ಜೀವ ಉಳಿಯಿತು. 'ಅವನೇ ಹುಷಾರಾಗಿರಬೇಕಿತ್ತು' ಅಂದುಬಿಟ್ಟೆವು. ಆಮೇಲೆ ನಿಯಮ ಓದಿಸಿ ಕೇಳಿದಾಗ ತಲೆ ತಗ್ಗಿಸಿದೆವು. ಮಾಲೀಕನ ಹೊಣೆ ಅನ್ನುತ್ತದೆ ಕಾನೂನು. ಸಹಕಾರ ಸಂಘದಲ್ಲಿ ಮಾಲೀಕರು ಯಾರು? ಷೇರು ಹಾಕಿದ ನಾವು ನೀವೇ ಅಲ್ಲವೇ?

ಈಗ ಎರಡು ಅರ್ಥಿಂಗ್ ಹಾಕಿಸಿದ್ದೇವೆ, ಕನ್ನಡದ ಬೋರ್ಡೂ ತೂಗುತ್ತಿದೆ. ಪ್ರತಿವರ್ಷ ಆಯುಧಪೂಜೆಗೆ ಮುಂಚೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಎಲ್ಲ ನೋಡುತ್ತಾರೆ. ಕುಂಬಳಕಾಯಿ ಒಡೆಯುವುದು ಆಮೇಲೆ. ಗಿರಣಿಗೆ ಬಂದಾಗ ಸದಸ್ಯರೂ ಒಮ್ಮೆ ಕಣ್ಣು ಹಾಯಿಸಿ. ವೈರು ಸುಲಿದಿದ್ದರೆ ಕೂಡಲೇ ಹೇಳಿ. ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ನಮ್ಮ ವಿನಂತಿ ಇಷ್ಟೇ.