ಕೊಂಡಪಲ್ಲಿಯಿಂದ ನಾನ್‌ಜಿಂಗ್‌ವರೆಗೆ: ಅಸಮಾನ ಒಪ್ಪಂದದಲ್ಲಿ ಅರ್ಥ ಹೇಳುವವರ ಅಧಿಕಾರ

ಚೀನಾದ ಆಧುನಿಕ ಇತಿಹಾಸದಲ್ಲಿ ‘ಅಸಮಾನ ಒಪ್ಪಂದ’ ಎಂಬ ಮಾತು ಒಂದು ನಿರ್ದಿಷ್ಟ ಕಾಲಘಟ್ಟದ ಹೆಸರಾಗಿಬಿಟ್ಟಿದೆ. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಚಿಂಗ್ ಸಾಮ್ರಾಜ್ಯವು ಐದು ಬಂದರುಗಳನ್ನು ತೆರೆದು, ಹಾಂಗ್‌ಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟು, 2 ಕೋಟಿ 10 ಲಕ್ಷ ಡಾಲರ್ ತೆರಲು ಒಪ್ಪಿತು. 1901ರ ಬಾಕ್ಸರ್ ಒಡಂಬಡಿಕೆ 45 ಕೋಟಿ ತೇಲ್ ಬೆಳ್ಳಿಯ ದಂಡ ಹೇರಿತು. ಅಲ್ಲಿನ ‘ತೇಲ್’ ನಮ್ಮ ತೊಲೆಗಿಂತ ಹೆಚ್ಚು ತೂಕದ್ದು ಎಂಬುದನ್ನು ನೆನೆದರೆ ಹೊರೆಯ ಗಾತ್ರ ಇನ್ನೂ ದೊಡ್ಡದು. ಈ ಒಪ್ಪಂದಗಳನ್ನು ಅಸಮಾನ ಎನ್ನಲು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ: ಅವು ಬಲಪ್ರಯೋಗದಿಂದ ಹುಟ್ಟಿದವು, ಅವುಗಳ ಷರತ್ತುಗಳು ಏಕಪಕ್ಷೀಯವಾಗಿದ್ದವು. ಎರಡೂ ನಿಜ, ಆದರೆ ಎರಡೂ ಸೇರಿದರೂ ಸಾಲವು. ಒಪ್ಪಂದವೊಂದರ ಅಸಮಾನತೆಯನ್ನು ಅಳೆಯಬೇಕಾದದ್ದು ರುಜು ಬಿದ್ದ ದಿನದಲ್ಲಲ್ಲ. ಆಮೇಲೆ ಅದರ ಅರ್ಥವನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಗೆ ಹೋಯಿತು ಎಂಬುದರಲ್ಲಿ. ಈ ವಾದಕ್ಕೆ ಆಧಾರ ನಾನ್‌ಜಿಂಗ್‌ಗಿಂತ ಮುಕ್ಕಾಲು ಶತಮಾನ ಮೊದಲೇ, ಕೃಷ್ಣಾ ನದಿಯ ಉತ್ತರಕ್ಕಿರುವ ಕೊಂಡಪಲ್ಲಿಯಲ್ಲಿ ಸಿಗುತ್ತದೆ.

ವಿಜಯವಾಡದ ಸಮೀಪದ ಕೊಂಡಪಲ್ಲಿ ಕೋಟೆ ಕನ್ನಡಿಗರಿಗೆ ಅಪರಿಚಿತವಲ್ಲ. ಗಜಪತಿಗಳ ಮೇಲಿನ ದಂಡಯಾತ್ರೆಯಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿ ಗೆದ್ದ ದುರ್ಗ ಅದು. ಹದಿನೆಂಟನೆಯ ಶತಮಾನದ ದಫ್ತರಗಳಲ್ಲಿ ಅದರ ಸೀಮೆಗೆ ಮುಸ್ತಫಾನಗರ ಸರ್ಕಾರು ಎಂಬ ಹೆಸರಿತ್ತು. ಅದು, ಏಲೂರು, ರಾಜಮಹೇಂದ್ರಿ, ವಿಶಾಖಪಟ್ಟಣವನ್ನು ಒಳಗೊಂಡ ಚಿಕಾಕೋಲ್, ಗುಂಟೂರಿನ ಮುರ್ತಜಾನಗರ, ಈ ಐದೂ ಸೇರಿ ಉತ್ತರ ಸರ್ಕಾರುಗಳು. 1753ರಲ್ಲಿ ಹೈದರಾಬಾದಿನ ದೊರೆ ಸಲಾಬತ್ ಜಂಗ್ ಇವುಗಳಲ್ಲಿ ನಾಲ್ಕನ್ನು ಫ್ರೆಂಚ್ ಸೇನಾನಿ ಬುಸ್ಸಿಯ ಸೈನ್ಯದ ಖರ್ಚಿಗೆಂದು ಬಿಟ್ಟುಕೊಟ್ಟಿದ್ದ. 1758ರ ಡಿಸೆಂಬರಿನಲ್ಲಿ ಚಂದುರ್ತಿಯಲ್ಲಿ, ಮರುವರ್ಷ ಮಚಲೀಪಟ್ಟಣದಲ್ಲಿ ಕರ್ನಲ್ ಫೋರ್ಡ್ ಫ್ರೆಂಚರನ್ನು ಸೋಲಿಸಿದ ಮೇಲೆ ಇಂಗ್ಲಿಷ್ ಕಂಪನಿ ಕರಾವಳಿಯಲ್ಲಿ ಬೇರೂರಿತು. 1765ರ ಆಗಸ್ಟ್‌ನಲ್ಲಿ ಕ್ಲೈವ್ ಬಂಗಾಳದ ದಿವಾನಿಯ ಜೊತೆಗೆ ಉತ್ತರ ಸರ್ಕಾರುಗಳ ಫರ್ಮಾನನ್ನೂ ಬಾದಶಹ ಶಾ ಆಲಮನಿಂದ ಪಡೆದುಕೊಂಡ. ಆ ಸೀಮೆಯನ್ನು ಆಗ ಆಳುತ್ತಿದ್ದ ನಿಜಾಮ್ ಅಲಿ ಖಾನನನ್ನು ಯಾರೂ ಕೇಳಲಿಲ್ಲ. 1766ರ ಮಾರ್ಚ್‌ನಲ್ಲಿ ಕಂಪನಿಯ ಜನರಲ್ ಕೈಲೋನ ಪಡೆ ಕೊಂಡಪಲ್ಲಿ ಕೋಟೆಯನ್ನು ಲಗ್ಗೆ ಹತ್ತಿ ವಶಮಾಡಿಕೊಂಡಿತು. ಒಪ್ಪಂದದ ಮಾತು ಬಂದದ್ದು ಕೋಟೆ ಕೈಸೇರಿದ ಮೇಲೆ.

ಹೀಗಿದ್ದರೂ 1766ರ ನವೆಂಬರ್ 12ರಂದು ಹೈದರಾಬಾದಿನಲ್ಲಿ ಆದ ಒಪ್ಪಂದವನ್ನು ಓದಿದವರಿಗೆ ಕಂಪನಿಯೇ ತಗ್ಗಿ ನಿಂತಂತೆ ತೋರುತ್ತದೆ. ನಿಜಾಮ ದಾನಿ, ಕಂಪನಿ ದಾನ ಪಡೆದ ಪಕ್ಷ. ಸೈನ್ಯದ ನೆರವು ಬೇಡದ ವರ್ಷಗಳಲ್ಲಿ ಕಂಪನಿ ಒಟ್ಟು 9 ಲಕ್ಷ ರೂಪಾಯಿ ತೆರಬೇಕು: ರಾಜಮಹೇಂದ್ರಿ, ಏಲೂರು, ಮುಸ್ತಫಾನಗರಗಳಿಗೆ 5 ಲಕ್ಷ, ಚಿಕಾಕೋಲ್ ಮತ್ತು ಮುರ್ತಜಾನಗರಗಳಿಗೆ ತಲಾ 2 ಲಕ್ಷ. ಗುಂಟೂರು ನಿಜಾಮನ ತಮ್ಮ ಬಸಾಲತ್ ಜಂಗನ ಜೀವಿತಾವಧಿಗೆ ಅವನಲ್ಲೇ ಉಳಿಯಬೇಕು. ವಜ್ರದ ಗಣಿಗಳೂ ಅವಕ್ಕೆ ಸೇರಿದ ಹಳ್ಳಿಗಳೂ ನಿಜಾಮನವೇ. ಆದರೆ ಇದೇ ಕರಾರಿನ ಒಂದು ಮಾತಿನಲ್ಲಿ ಮುಂದಿನ ಕಥೆಯೆಲ್ಲ ಅಡಗಿದೆ. ನಿಜಾಮನ ನೆರವಿಗೆ ಪಡೆ ಕಳಿಸಲು ಕಂಪನಿ ಒಪ್ಪಿತು. ಆದರೆ ತನ್ನ ನೆಲೆಗಳ ಭದ್ರತೆಗೋ ಕರ್ನಾಟಿಕ್ ಸೀಮೆಯ ಶಾಂತಿಗೋ ಬೇಕೆಂದು ತನಗೆ ತೋರಿದಾಗ ಆ ಪಡೆಯನ್ನು ಹಿಂದಕ್ಕೆ ಕರೆಸಿಕೊಳ್ಳುವ ಸ್ವಾತಂತ್ರ್ಯವನ್ನು ತನ್ನಲ್ಲೇ ಇಟ್ಟುಕೊಂಡಿತು. ನಿಜಾಮ ಕೊಟ್ಟದ್ದು ಮರಳಿ ಬಾರದ ನೆಲ. ಕಂಪನಿ ಕೊಟ್ಟದ್ದು ಮಾತು, ಆ ಮಾತನ್ನು ಯಾವಾಗ ನಡೆಸಬೇಕೆಂದು ನಿರ್ಧರಿಸುವುದೂ ಕಂಪನಿಯೇ.

ಈ ಅಧಿಕಾರ ಹೇಗೆ ಕೆಲಸ ಮಾಡಿತೆಂಬುದಕ್ಕೆ ಮುಂದಿನ ಐವತ್ತೇಳು ವರ್ಷಗಳೇ ಸಾಕ್ಷಿ. 1767ರಲ್ಲಿ ಹೈದರಾಲಿಯ ಜೊತೆ ಸೇರಿ ಸೋತ ನಿಜಾಮ 1768ರ ಫೆಬ್ರವರಿಯಲ್ಲಿ ಹೊಸ ಒಪ್ಪಂದಕ್ಕೆ ಒಪ್ಪಬೇಕಾಯಿತು. ಪೇಷ್‌ಕಷ್, ಎಂದರೆ ಕಂಪನಿ ನಿಜಾಮನಿಗೆ ತೆರಬೇಕಾದ ವಾರ್ಷಿಕ ಹಣ, ಇಳಿಯಿತು. ಅದಲ್ಲದೆ, ಹೈದರಾಲಿಯನ್ನು ರಾಜ್ಯಾಪಹಾರಿ ಎಂದು ಸಾರಿ, ಮೈಸೂರನ್ನೊಳಗೊಂಡ ಬಾಲಾಘಾಟ್ ಸೀಮೆಯ ದಿವಾನಿಯನ್ನು ವರ್ಷಕ್ಕೆ 7 ಲಕ್ಷಕ್ಕೆ ಕಂಪನಿಗೆ ಬರೆದುಕೊಡಲಾಯಿತು. ಮೈಸೂರಿನ ಪರವಾಗಿ ಅಲ್ಲಿ ಯಾರೂ ಇರಲಿಲ್ಲ. ಗುಂಟೂರಿನ ವಿಷಯದಲ್ಲಿ ಮದರಾಸಿನ ಗವರ್ನರ್ ರಂಬೋಲ್ಡ್‌ನ ಆಡಳಿತ ನಿಜಾಮನನ್ನು ಬದಿಗಿಟ್ಟು ಬಸಾಲತ್ ಜಂಗನೊಡನೆ ನೇರ ಒಪ್ಪಂದ ಮಾಡಿಕೊಂಡಿತು, ಪೇಷ್‌ಕಷ್ ಮನ್ನಾ ಆಗಬೇಕೆಂದೂ ಕೇಳಿತು. ಅದನ್ನು ತಡೆದದ್ದು ನಿಜಾಮನ ಹಕ್ಕಲ್ಲ, ಕಲ್ಕತ್ತೆಯ ಮೇಲಧಿಕಾರಿಗಳ ಅಸಮ್ಮತಿ. 1788ರಲ್ಲಿ ಗುಂಟೂರು ಕಂಪನಿಗೆ ಸೇರಿತು. ಮರುವರ್ಷದ ಜುಲೈನಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನಿಜಾಮನಿಗೆ ಬರೆದ ಪತ್ರ ಇನ್ನೂ ಸ್ಪಷ್ಟ ಉದಾಹರಣೆ. ಕಂಪನಿಯ ಮಿತ್ರರ ವಿರುದ್ಧ ನೆರವಿನ ಪಡೆಯನ್ನು ಬಳಸಬಾರದೆಂದು ಹೇಳಿದ ಆ ಪತ್ರ ಮಿತ್ರರ ಪಟ್ಟಿಯಲ್ಲಿ ಟಿಪ್ಪುವಿನ ಹೆಸರನ್ನು ಬಿಟ್ಟಿತು. ಪತ್ರಕ್ಕೆ ಒಪ್ಪಂದದಷ್ಟೇ ಬಲವಿದೆಯೆಂದು ಸಾರಲಾಯಿತು. ಟಿಪ್ಪುವಿನೊಡನೆ ಆದ 1784ರ ಮಂಗಳೂರು ಒಪ್ಪಂದ ಇನ್ನೂ ಜಾರಿಯಲ್ಲಿದ್ದಾಗಲೇ ಹೀಗಾಯಿತು. ಕೊನೆಗೆ 1823ರಲ್ಲಿ, ಪಾಮರ್ ಸಾಹುಕಾರಿ ಸಂಸ್ಥೆಯ ಸಾಲದಲ್ಲಿ ಹೈದರಾಬಾದು ಮುಳುಗಿದ್ದಾಗ, ಕಂಪನಿ ಒಂದು ಕೋಟಿ ಹದಿನಾರು ಲಕ್ಷಕ್ಕೂ ಹೆಚ್ಚಿನ ಇಡುಗಂಟು ಕೊಟ್ಟು ಪೇಷ್‌ಕಷ್ ಹೊಣೆಯನ್ನೇ ತೊಡೆದುಹಾಕಿತು. ಆ ಹಣ ಸಾಲ ತೀರಿಸಲು ಹೋಯಿತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಯುದ್ಧದ ಹಿಂದೆ ಬರುವ ಒಪ್ಪಂದವೆಲ್ಲ ಗೆದ್ದವರ ಪರವಾಗಿಯೇ ಇರುವುದಲ್ಲವೆ? ಇದಕ್ಕೆ ಮೈಸೂರಿನ ಇತಿಹಾಸವೇ ಉತ್ತರ ಕೊಡುತ್ತದೆ. 1769ರಲ್ಲಿ ಹೈದರಾಲಿ ಮದರಾಸಿನ ಹೆಬ್ಬಾಗಿಲಿಗೇ ಬಂದು ನಿಂತು ಕಂಪನಿಯನ್ನು ಒಪ್ಪಂದಕ್ಕೆ ಎಳೆದ. ಬಲಪ್ರಯೋಗ ಅಲ್ಲಿಯೂ ಇತ್ತು, ಆದರೆ ಷರತ್ತುಗಳು ಸಮಾನವಾಗಿದ್ದವು: ಗೆದ್ದ ನೆಲವನ್ನು ಪರಸ್ಪರ ಮರಳಿಸುವುದು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಾಗುವುದು. ಎಂದಮೇಲೆ ಬಲವೊಂದರಿಂದಲೇ ಅಸಮಾನತೆ ಹುಟ್ಟುವುದಿಲ್ಲ. ಸಮಾನ ಷರತ್ತುಗಳೂ ತಾವಾಗಿಯೇ ಕಾಪಾಡಲಾರವು. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ನೆರವಿಗೆ ಬರಲಿಲ್ಲ. ವ್ಯತ್ಯಾಸವಿದ್ದದ್ದು ಇಷ್ಟು: ವಚನಭಂಗಕ್ಕೆ ಉತ್ತರ ಕೇಳುವ ಶಕ್ತಿ 1780ರಲ್ಲಿ ಹೈದರಾಲಿಗಿತ್ತು, ನಿಜಾಮನಿಗೆ ಇರಲಿಲ್ಲ.

ಚೀನಾದ ಒಪ್ಪಂದಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವುಗಳ ನಿಜವಾದ ಭಾರ ಎಲ್ಲಿತ್ತೆಂದು ತಿಳಿಯುತ್ತದೆ. ದಂಡದ ಹಣ ಒಂದು ದಿನ ತೀರುವಂಥದು. ತೀರದೆ ಉಳಿದದ್ದು ಅರ್ಥದ ಜಗಳ. ನಾನ್‌ಜಿಂಗ್ ಒಪ್ಪಂದದ ಇಂಗ್ಲಿಷ್ ಪಾಠಕ್ಕೂ ಚೀನೀ ಪಾಠಕ್ಕೂ ವರ್ತಕರು ನಗರದೊಳಗೆ ವಾಸಿಸಬಹುದೇ ಎಂಬುದರಲ್ಲಿ ಹೊಂದಾಣಿಕೆಯಿರಲಿಲ್ಲ. ಗುವಾಂಗ್‌ಝೌ ನಗರ ಪ್ರವೇಶದ ವಿವಾದ ವರ್ಷಗಟ್ಟಲೆ ಹೊಗೆಯಾಡಿತು. 1843ರ ಪೂರಕ ಒಪ್ಪಂದ, ಬೇರೆ ಯಾವ ದೇಶಕ್ಕೆ ಯಾವ ಸೌಲಭ್ಯ ಸಿಕ್ಕರೂ ಬ್ರಿಟನ್ನಿಗೂ ಅದು ಸಿಗಬೇಕೆಂದಿತು. ಅಮೆರಿಕ 1844ರಲ್ಲಿ ವಾಂಗ್‌ಶಿಯಾದಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಹನ್ನೆರಡು ವರ್ಷಗಳ ಬಳಿಕ ಪರಿಷ್ಕರಣೆಗೆ ಅವಕಾಶವಿತ್ತು. ಬ್ರಿಟನ್ ಅದನ್ನೇ ಹಿಡಿದು, ಅಂಥ ಮಾತೇ ಇಲ್ಲದ ನಾನ್‌ಜಿಂಗ್ ಒಪ್ಪಂದವನ್ನು 1854ರಲ್ಲಿ ಪರಿಷ್ಕರಿಸಬೇಕೆಂದು ಕೇಳಿತು. ಎರಡನೆಯ ಅಫೀಮು ಯುದ್ಧದ ನಡುವೆ 1858ರಲ್ಲಿ ಆದ ತಿಯಾನ್‌ಜಿನ್ ಒಪ್ಪಂದ ಇದನ್ನು ಬರಹದಲ್ಲೇ ಗಟ್ಟಿಮಾಡಿತು: ಎರಡು ಪಾಠಗಳಲ್ಲಿ ವ್ಯತ್ಯಾಸ ಕಂಡರೆ ಇಂಗ್ಲಿಷ್ ಪಾಠವೇ ಪ್ರಮಾಣ. ಕೊಂಡಪಲ್ಲಿಯ ಬೆನ್ನಿಗೆ ಬಂದ 1766ರ ಕರಾರಿನಲ್ಲಿ ಒಂದು ಷರತ್ತಿನ ಮರೆಯಲ್ಲಿದ್ದ ಅಧಿಕಾರ ತಿಯಾನ್‌ಜಿನ್‌ನಲ್ಲಿ ಹೆಸರು ಹೇಳಿಕೊಂಡು ಹೊರಗೆ ಬಂದಿತು. ಒಂದರಿಂದ ಇನ್ನೊಂದು ನೇರವಾಗಿ ನಕಲಾಯಿತೆಂದು ಇಲ್ಲಿ ಹೇಳುತ್ತಿಲ್ಲ. ಎರಡರ ಒಳರಚನೆ ಒಂದೇ ಎಂಬುದಷ್ಟೇ ವಾದ.

ಇನ್ನೆರಡು ಆಕ್ಷೇಪಗಳನ್ನೂ ಎದುರಿಸಬೇಕು. ಒಂದು, ‘ಅಸಮಾನ ಒಪ್ಪಂದ’ ಎಂಬುದು ಚೀನೀ ರಾಷ್ಟ್ರವಾದಿಗಳು 1920ರ ದಶಕದಲ್ಲಿ ಬಳಕೆಗೆ ತಂದ ಮಾತು. ಅದನ್ನು 1766ಕ್ಕೆ ಹಚ್ಚುವುದು ಕಾಲವಿರೋಧ. ಹೆಸರು ಆಮೇಲಿನದು, ನಿಜ. ಆದರೆ 1766ರ ಷರತ್ತನ್ನು ಬರೆದವರಿಗೆ ತಾವು ಏನನ್ನು ಕಾಯ್ದಿರಿಸಿಕೊಳ್ಳುತ್ತಿದ್ದೇವೆಂಬ ಅರಿವು ಚೆನ್ನಾಗಿಯೇ ಇತ್ತು. ಇನ್ನೊಂದು, ಕಂಪನಿ ಮಾತು ಉಳಿಸಿಕೊಂಡದ್ದೂ ಉಂಟು. ಉಂಟು: ಕೊಂಡಪಲ್ಲಿಯ ಹತ್ತಿರದ ಪರಿಟಾಲದ ಸುತ್ತಲ ವಜ್ರದ ಗಣಿಯ ಹಳ್ಳಿಗಳು ಇಪ್ಪತ್ತನೆಯ ಶತಮಾನದವರೆಗೂ ಬ್ರಿಟಿಷ್ ಸೀಮೆಯ ನಡುವೆ ನಿಜಾಮನ ದ್ವೀಪವಾಗಿಯೇ ಉಳಿದವು. ಆದರೆ ಇದು ನಮ್ಮ ವಾದವನ್ನು ಬಲಪಡಿಸುತ್ತದೆ. ಯಾವ ಷರತ್ತು ಉಳಿಯಬೇಕು, ಯಾವುದು ಕರಗಬೇಕು ಎಂಬುದನ್ನು ಒಂದೇ ಪಕ್ಷ ತೀರ್ಮಾನಿಸುತ್ತಿದ್ದಾಗ, ಪಾಲನೆಯೂ ಆ ಪಕ್ಷದ ಇಷ್ಟವಾಗುತ್ತದೆ, ಇನ್ನೊಂದು ಪಕ್ಷದ ಹಕ್ಕಾಗುವುದಿಲ್ಲ.

ಕನ್ನಡ ನಾಡಿನ ಇತಿಹಾಸಕ್ಕೆ ಈ ಮಾನದಂಡದ ಉಪಯೋಗ ದೊಡ್ಡದು. 1799ರ ಒಪ್ಪಂದದಲ್ಲಿ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡಗಳನ್ನು ತೆರಲು ಒಪ್ಪಿತು; ಆ ಹಣಕ್ಕೆ ಕುತ್ತು ಬಂದೀತೆಂದು ಗವರ್ನರ್ ಜನರಲ್‌ಗೆ ಅನಿಸಿದರೆ ರಾಜ್ಯದ ಯಾವ ಭಾಗವನ್ನಾದರೂ ಆಡಳಿತಕ್ಕೆ ತೆಗೆದುಕೊಳ್ಳಬಹುದಿತ್ತು. 1831ರಲ್ಲಿ ಆ ‘ಭಾಗ’ ಎಂಬ ಮಾತಿಗೆ ಇಡೀ ರಾಜ್ಯವೆಂಬ ಅರ್ಥ ಬಂದಿತು; ಮೈಸೂರು ತನ್ನ ಅರಸರಿಗೆ ಮರಳಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಆದ್ದರಿಂದ ಒಪ್ಪಂದಗಳ ಅಧ್ಯಯನ ಅವುಗಳ ಪಾಠದಲ್ಲಿ ಮುಗಿಯಬಾರದು. ಪ್ರತಿಯೊಂದು ಷರತ್ತಿನ ಪಕ್ಕದಲ್ಲೂ ಒಂದು ಪ್ರಶ್ನೆಯನ್ನು ಬರೆದುಕೊಳ್ಳಬೇಕು: ಈ ಮಾತಿನ ಅರ್ಥದ ಬಗ್ಗೆ ಜಗಳ ಬಂದರೆ ತೀರ್ಪು ಹೇಳುವವರು ಯಾರು? ಕೊಂಡಪಲ್ಲಿ, ತಿಯಾನ್‌ಜಿನ್, ಮೈಸೂರು, ಮೂರು ಕಡೆಯೂ ಉತ್ತರ ಒಂದೇ ಆಗಿತ್ತು: ಜಗಳದ ಒಂದು ಪಕ್ಷವೇ ನ್ಯಾಯಪೀಠದಲ್ಲಿ ಕುಳಿತಿತ್ತು.