ಅಬಿಡ್ಸ್ ಪಕ್ಕದ ಕ್ಲೋರೋಫಾರ್ಮ್ ಪಾಠ

ಅಬಿಡ್ಸ್ ಅಂದ್ರೆ ನಮಗೆಲ್ಲ ನೆನಪಾಗೋದು ಬಟ್ಟೆ ಅಂಗಡಿಗಳು, ಭಾನುವಾರದ ಫುಟ್‌ಪಾತ್ ಪುಸ್ತಕಗಳು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಪರಿಚಾರಕ ಆಲ್ಬರ್ಟ್ ಅಬಿಡ್ ಇಲ್ಲಿ ಅಂಗಡಿ ಇಟ್ಟಿದ್ದರಿಂದ ಈ ಹೆಸರು. ಅದೇ ನಿಜಾಮರ ಕಾಲದಲ್ಲಿ, ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ವೈದ್ಯಲೋಕದ ಒಂದು ದೊಡ್ಡ ಜಗಳ ನಡೆದಿತ್ತು. ಅದು ಬಹಳ ಜನಕ್ಕೆ ಗೊತ್ತಿಲ್ಲ.

ಕೋಠಿಯ ಉಸ್ಮಾನಿಯಾ ಮೆಡಿಕಲ್ ಕಾಲೇಜಿನ ಮೂಲ 1846ರ ಹೈದರಾಬಾದ್ ಮೆಡಿಕಲ್ ಸ್ಕೂಲ್. ಅದರ ಮುಖ್ಯಸ್ಥರಾಗಿದ್ದ ಡಾ. ಎಡ್ವರ್ಡ್ ಲಾರಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು ಇಷ್ಟೇ: ಕ್ಲೋರೋಫಾರ್ಮ್ ಕೊಡುವಾಗ ಉಸಿರು ನೋಡಿ, ನಾಡಿ ಹಿಡಿಯಬೇಕಾಗಿಲ್ಲ. ಮೊದಲು ನಿಲ್ಲೋದು ಉಸಿರು, ಆಮೇಲೆ ಹೃದಯ. ಇದನ್ನು ಸಾಧಿಸಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೂತವು. ನಾಯಿ ಮೊದಲಾದ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಎರಡನೆಯದಕ್ಕೆ ನಿಜಾಮರು 1000 ಪೌಂಡ್ ಕೊಟ್ಟರು. ‘ಲ್ಯಾನ್ಸೆಟ್’ ಪತ್ರಿಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಅವರನ್ನು ಕಳಿಸಿತು. ತೀರ್ಪು ಲಾರಿಯವರ ಪರವಾಗಿಯೇ ಬಂತು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರಾದ ರೂಪಾಬಾಯಿ ಫರ್ದೂನ್‌ಜಿ ಕಲಿತದ್ದೂ ಇದೇ ಶಾಲೆಯಲ್ಲಿ.

ಆದರೆ ಆಪರೇಷನ್ ಟೇಬಲ್ ಮೇಲೆ ಹೃದಯ ದಿಢೀರನೆ ನಿಂತು ರೋಗಿಗಳು ಸಾಯೋದು ನಿಲ್ಲಲಿಲ್ಲ. ಕಾರಣ ತೋರಿಸಿದವರು 1911ರಲ್ಲಿ ಗುಡ್‌ಮನ್ ಲೆವಿ. ಕ್ಲೋರೋಫಾರ್ಮ್ ಕಮ್ಮಿ ಇದ್ದಾಗಲೂ ಹೃದಯ ಲಯ ತಪ್ಪಿ ಅದುರಿ ನಿಲ್ಲಬಹುದು ಅಂತ ಅವರು ಬೆಕ್ಕುಗಳ ಮೇಲೆ ತೋರಿಸಿದರು. ಔಷಧಿ ಹೆಚ್ಚಾಗಿ ಸಾಯೋದನ್ನು ಆಯೋಗ ಚೆನ್ನಾಗಿ ನೋಡಿತ್ತು. ಇದು ಮಾತ್ರ ಅದರ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ನಾಯಿಯೂ ಬೇಡ, ಮೊದಲ ಸಲಕ್ಕೆ ರೋಗಿಯೂ ಬೇಡ. ಅರಿವಳಿಕೆ ಕಲಿಸಲಿಕ್ಕೆ ಕಂಪ್ಯೂಟರಿನಿಂದ ನಡೆಯುವ ಗೊಂಬೆ ‘ಸಿಮ್ ಒನ್’ 1967ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಬಂತು. ಅದು ಉಸಿರಾಡುತ್ತಿತ್ತು, ಕಣ್ಣು ಮಿಟುಕಿಸುತ್ತಿತ್ತು, ಔಷಧಿಗೆ ಸ್ಪಂದಿಸುತ್ತಿತ್ತು. ನಮ್ಮಲ್ಲೂ 2019ರ ಎಂಬಿಬಿಎಸ್ ಪಠ್ಯಕ್ರಮ ಸ್ಕಿಲ್ ಲ್ಯಾಬ್ ಕಡ್ಡಾಯ ಮಾಡಿತು. ಈಗ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡು ಹೃದಯದ ಒಳಗೇ ಸುತ್ತಿ ಬರಬಹುದು. ಕೈ ತಪ್ಪಿದರೆ ಯಾರ ಜೀವವೂ ಹೋಗೋದಿಲ್ಲ. ಇದು ಸಣ್ಣ ಲಾಭವಲ್ಲ.

ಆದರೂ ಲಾರಿಯವರ ಕಥೆ ಮರೆಯೋ ಹಾಗಿಲ್ಲ. ಅವರಲ್ಲಿ ಶ್ರದ್ಧೆಗೆ ಕಮ್ಮಿಯಿರಲಿಲ್ಲ, ದುಡ್ಡಿಗೂ ಇರಲಿಲ್ಲ. ಪ್ರಯೋಗ ತೋರಿಸಿದ್ದಷ್ಟೇ ನಿಜ ಅಂತ ನಂಬಿದ್ದೇ ತೊಂದರೆ. ಕನ್ನಡಕದೊಳಗಿನ ರೋಗಿಯೂ ಹಾಗೇ, ಪ್ರೋಗ್ರಾಮ್ ಬರೆದವನಿಗೆ ಗೊತ್ತಿದ್ದ ಕಾಯಿಲೆ ಮಾತ್ರ ಅವನಿಗೆ ಬರುತ್ತೆ. ಅಭ್ಯಾಸ ಅಲ್ಲಿ ಧಾರಾಳವಾಗಿ ಆಗಲಿ. ನಂತರ ವಾರ್ಡಿಗೆ ಬಂದು, ನಿಜವಾದ ನಾಡಿಯ ಮೇಲೆ ಬೆರಳಿಟ್ಟು ನೋಡೋದನ್ನು ಮಾತ್ರ ಬಿಡಬಾರದು.