ಫೋರ್ಸ್ ಫೀಡ್‌ಬ್ಯಾಕ್ ಹೊಂದಾಣಿಕೆ (ಸಿಮ್ ರೇಸಿಂಗ್)

ಸಿಮ್ ರೇಸಿಂಗ್, ಅಂದರೆ ನಿಜದ ಕಾರೋಟವನ್ನು ಅನುಕರಿಸುವ ಕಂಪ್ಯೂಟರ್ ಆಟ. ಅದರ ಸ್ಟೀರಿಂಗ್‌ನ ಬುಡದಲ್ಲಿರುವ ಮೋಟಾರು ಆಡುವವರ ಕೈಗೆ ಎಷ್ಟು ಬಲ ಕೊಡಬೇಕು, ಯಾವ ಬಗೆಯ ಬಲ ಕೊಡಬೇಕು ಎಂಬುದನ್ನು ನಿಗದಿಪಡಿಸುವುದೇ ಫೋರ್ಸ್ ಫೀಡ್‌ಬ್ಯಾಕ್ ಹೊಂದಾಣಿಕೆ. ಇದರ ಸೆಟ್ಟಿಂಗ್‌ಗಳು ಎರಡು ಕಡೆ ಇರುತ್ತವೆ: ಸ್ಟೀರಿಂಗ್ ತಯಾರಿಸಿದ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಕೆಲವು, ಆಟದ ಒಳಗೆ ಕೆಲವು. ಯಾವುದನ್ನು ಎಲ್ಲಿ ಬದಲಿಸಬೇಕು ಎನ್ನುವುದರಲ್ಲೇ ಹೆಚ್ಚಿನವರು ಎಡವುವುದು.

ಸ್ಟೀರಿಂಗ್ ಭಾರವಾದಷ್ಟೂ ನಿಜವಾದ ಕಾರಿಗೆ ಹತ್ತಿರ ಎಂಬ ನಂಬಿಕೆ ಹೊಸಬರಲ್ಲಿ ಬಲವಾಗಿದೆ. ಅದು ಸರಿಯಲ್ಲ. ಇಂಡಿಕಾರ್ ಮತ್ತು ಫಾರ್ಮುಲಾ 2 ಕಾರುಗಳಿಗೆ ಪವರ್ ಸ್ಟೀರಿಂಗ್ ಇಲ್ಲ, ಚಾಲಕರು ತೋಳ್ಬಲದಿಂದಲೇ ತಿರುಗಿಸಬೇಕು. ಫಾರ್ಮುಲಾ 1 ಕಾರುಗಳಿಗೆ ಪವರ್ ಸ್ಟೀರಿಂಗ್ ಇದೆ. ಹಾಗಾಗಿ ಭಾರವೊಂದೇ ನಿಜದ ಗುರುತಾಗಲಾರದು. ಬಲ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದು ಕೈಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಹೊಂದಾಣಿಕೆಯ ಗುರಿ ಅಷ್ಟೇ.

ಬಲ ಎಲ್ಲಿಂದ ಬರುತ್ತದೆ

ಕಾರು ತಿರುವಿನಲ್ಲಿರುವಾಗ ರಸ್ತೆ ಮುಂದಿನ ಟೈರುಗಳನ್ನು ಅಡ್ಡಕ್ಕೆ ತಳ್ಳುತ್ತದೆ. ಈ ಅಡ್ಡಬಲ, ಟೈರು ನೆಲಕ್ಕೆ ತಾಗಿರುವ ಜಾಗದ ನಡುವೆ ಬೀಳದೆ ತುಸು ಹಿಂದೆ ಬೀಳುತ್ತದೆ. ಆ ಅಂತರದಿಂದಾಗಿ ಚಕ್ರ ತಾನಾಗಿ ನೇರವಾಗಲು ಹವಣಿಸುತ್ತದೆ. ಚಾಲಕನ ಕೈಗೆ ಬರುವ ಎಳೆತದ ಮುಖ್ಯ ಮೂಲ ಇದು. ಸಸ್ಪೆನ್ಶನ್‌ನ ಕ್ಯಾಸ್ಟರ್ ಕೋನವೂ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಟೈರು ಹಿಡಿತದ ಕೊನೆಯ ಅಂಚಿಗೆ ಹತ್ತಿರವಾದಂತೆ ಆ ಅಂತರ ಕುಗ್ಗುತ್ತದೆ. ಪರಿಣಾಮವಾಗಿ, ಅಡ್ಡಬಲ ಇನ್ನೂ ಏರುತ್ತಿರುವಾಗಲೇ ಸ್ಟೀರಿಂಗ್‌ನ ಎಳೆತ ಇಳಿಯತೊಡಗುತ್ತದೆ. ಮುಂದಿನ ಟೈರು ಜಾರುವ ಮೊದಲು ಕೈಗೆ ಸಿಗುವ ಮುನ್ಸೂಚನೆ ಈ ಹಗುರತನ. ನಿಜವಾದ ಕಾರಿನಲ್ಲಾದರೆ ಹಿಂಬದಿ ಜಾರುವುದು ಸೀಟಿನ ಮೂಲಕ ಬೆನ್ನಿಗೂ ಗೊತ್ತಾಗುತ್ತದೆ. ಮನೆಯ ಕುರ್ಚಿಯಲ್ಲಿ ಕುಳಿತವರಿಗೆ ಆ ಸುದ್ದಿಯನ್ನೂ ಸ್ಟೀರಿಂಗೇ ಹೇಳಬೇಕು. ಅಷ್ಟು ಹೊರೆ ಹೊತ್ತ ಸಾಧನವನ್ನು ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸುವುದು ನಷ್ಟದ ಬಾಬತ್ತು.

ಕ್ಲಿಪ್ಪಿಂಗ್

ವಿಂಡೋಸ್‌ನ ಡೈರೆಕ್ಟ್ಇನ್‌ಪುಟ್ ವ್ಯವಸ್ಥೆಯಲ್ಲಿ ಬಲದ ಪ್ರಮಾಣ ಮೋಟಾರಿಗೆ ಹೋಗುವುದು ನ್ಯೂಟನ್ ಮೀಟರ್‌ಗಳಲ್ಲಲ್ಲ. ಒಂದು ದಿಕ್ಕಿಗೆ 10,000, ಇನ್ನೊಂದು ದಿಕ್ಕಿಗೆ ಮೈನಸ್ 10,000ದವರೆಗಿನ ಒಂದು ಸಂಖ್ಯೆಯಾಗಿ. ಆಟದ ಲೆಕ್ಕ ಆ ಮಿತಿ ದಾಟಿದರೆ ಮಿಕ್ಕಿದ್ದೆಲ್ಲ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಒಂದು ಕಾರಿನ ಸ್ಟೀರಿಂಗ್‌ನಲ್ಲಿ ಆಟದ ಲೆಕ್ಕದ ಪ್ರಕಾರ ಗರಿಷ್ಠ 16 ನ್ಯೂಟನ್ ಮೀಟರ್ ತಿರುಗಿಸುವ ಬಲ (ಟಾರ್ಕ್) ಬರುತ್ತದೆ, ಮನೆಯಲ್ಲಿರುವ ಮೋಟಾರಿನ ಶಕ್ತಿ 8 ಎಂದಿಟ್ಟುಕೊಳ್ಳಿ. ಇದ್ದದ್ದನ್ನು ಇದ್ದಂತೆ ಕಳಿಸಿದರೆ 8ರ ಮೇಲಿನದ್ದೆಲ್ಲ ಒಂದೇ ಸಮ: 9 ಆದರೂ 8, 15 ಆದರೂ 8. ಅರ್ಧಕ್ಕೆ ಇಳಿಸಿ ಕಳಿಸಿದರೆ ಸ್ಟೀರಿಂಗ್ ಹಗುರವಾಗುತ್ತದೆ, ಆದರೆ ಏರಿಳಿತಗಳೆಲ್ಲ ಉಳಿಯುತ್ತವೆ.

ಬೆಲ್ಜಿಯಂನ ಸ್ಪಾ-ಫ್ರಾಂಕೋರ್‌ಶಾಂ ಟ್ರ್ಯಾಕಿನ ಓ ರೂಜ್ ತಿರುವು ಇದನ್ನು ಪರೀಕ್ಷಿಸಲು ಒಳ್ಳೆಯ ಜಾಗ. ಇಳಿಜಾರಿನಲ್ಲಿ ವೇಗವಾಗಿ ಬಂದ ಕಾರು ತಗ್ಗಿನಲ್ಲಿ ನೆಲಕ್ಕೆ ಒತ್ತಿಕೊಂಡು, ತಿರುಗುತ್ತಲೇ ದಿಣ್ಣೆ ಹತ್ತುತ್ತದೆ. ಟೈರಿನ ಮೇಲಿನ ಹೊರೆ ಥಟ್ಟನೆ ಏರುತ್ತದೆ. ಇಟಲಿಯ ಕುನೋಸ್ ಸಿಮುಲಾಟ್ಸಿಯೋನಿ ತಯಾರಿಸಿದ 'ಅಸೆಟ್ಟೊ ಕೋರ್ಸಾ' ಆಟದಲ್ಲಿ ಪೆಡಲ್‌ಗಳನ್ನು ತೋರಿಸುವ ಕಿಟಕಿ ತೆರೆದಿಟ್ಟುಕೊಂಡರೆ, ಬಲದ ಪಟ್ಟಿ ಈ ತಗ್ಗಿನಲ್ಲಿ ಕೆಂಪಾಗುವುದು ಕಾಣುತ್ತದೆ. ಆ ಹೊತ್ತಿನಲ್ಲಿ ಕೈಗೆ ಸಿಗುವುದು ಜೀವವಿಲ್ಲದ ಗಟ್ಟಿತನ. ಟೈರು ಹಿಡಿದಿದೆಯೋ ಬಿಟ್ಟಿದೆಯೋ ತಿಳಿಯದು. ಕೀಬೋರ್ಡಿನ ಬಲಬದಿಯ ಸಂಖ್ಯಾಕೀಲಿಗಳಲ್ಲಿರುವ ಮೈನಸ್ ಒತ್ತಿ ಆ ಕಾರಿನ ಗೇನ್ (ಆಟ ಕಳಿಸುವ ಬಲದ ಪ್ರಮಾಣ) ಇಳಿಸುತ್ತ ಹೋಗಬೇಕು. ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿದಾಗ ಕ್ಷಣಮಾತ್ರ ಕೆಂಪಾದರೆ ಚಿಂತೆಯಿಲ್ಲ, ಉದ್ದನೆಯ ತಿರುವಿನಲ್ಲಿ ಕೆಂಪಾಗಿಯೇ ನಿಂತರೆ ಇನ್ನೂ ಇಳಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಆಟದೊಳಗೇ ಕತ್ತರಿಸಿಹೋದ ಸಂಕೇತವನ್ನು ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಬಲ ತಗ್ಗಿಸಿ ಸರಿಪಡಿಸಲಾಗದು. ಅಲ್ಲಿ ತಗ್ಗಿಸಿದರೆ ಕತ್ತರಿಸಿದ ಸಂಕೇತವೇ ಹಗುರವಾಗಿ ಬರುತ್ತದೆ, ಕಳೆದುಹೋದ ವಿವರ ಮರಳುವುದಿಲ್ಲ. ಆದ್ದರಿಂದ ಕ್ಲಿಪ್ಪಿಂಗ್ ತಪ್ಪಿಸಲು ಆಟದ ಗೇನ್ ಇಳಿಸಬೇಕು. ತೋಳು ಸೋಲುತ್ತಿದ್ದರೆ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮೋಟಾರಿನ ಬಲ ತಗ್ಗಿಸಬೇಕು. 'ಐರೇಸಿಂಗ್' ಆಟದಲ್ಲಿ ಗರಿಷ್ಠ ಬಲವನ್ನು ನ್ಯೂಟನ್ ಮೀಟರ್‌ನಲ್ಲೇ ಕೊಡಬಹುದು. ಅಲ್ಲಿ ಸಂಖ್ಯೆ ಹೆಚ್ಚಿಸಿದರೆ ಸ್ಟೀರಿಂಗ್ ಹಗುರವಾಗುತ್ತದೆ, ಇದು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಕೆಲವು ಸುತ್ತು ಓಡಿಸಿ 'ಆಟೊ' ಬಟನ್ ಒತ್ತಿದರೆ, ಓಡಿಸುವಾಗ ಕಂಡ ಗರಿಷ್ಠ ಬಲವನ್ನು ನೋಡಿ ಆಟವೇ ಒಂದು ಸಂಖ್ಯೆ ಹಾಕಿಕೊಡುತ್ತದೆ.

ಮೋಟಾರಿನ ಬಗೆ ಮತ್ತು ಕನಿಷ್ಠ ಬಲ

ಸ್ಟೀರಿಂಗ್ ತಿರುಗಿಸಿ ಬಲ ತೋರುವ ತಂತ್ರ ಅಟಾರಿಯ 'ಹಾರ್ಡ್ ಡ್ರೈವಿನ್' (1989) ಆರ್ಕೇಡ್ ಯಂತ್ರದಲ್ಲೇ ಇತ್ತು. ಮನೆಬಳಕೆಯ ಸ್ಟೀರಿಂಗ್‌ಗಳಲ್ಲಿ ಈಗ ಮುಖ್ಯವಾಗಿ ಮೂರು ಬಗೆ. ಲಾಜಿಟೆಕ್ ಜಿ29ರಂಥವು ಗೇರಿನವು, ಸುಮಾರು 2 ನ್ಯೂಟನ್ ಮೀಟರ್‌ನಷ್ಟು ಬಲ ಕೊಡುತ್ತವೆ. ಥ್ರಸ್ಟ್‌ಮಾಸ್ಟರ್ ಟಿ300 ಬೆಲ್ಟಿನದು. ಫನಾಟೆಕ್ ಸಿಎಸ್ಎಲ್ ಡಿಡಿ (2021) ಡೈರೆಕ್ಟ್ ಡ್ರೈವ್, ಅಂದರೆ ಸ್ಟೀರಿಂಗ್ ನೇರವಾಗಿ ಮೋಟಾರಿನ ದಂಡಕ್ಕೇ ಕೂರುತ್ತದೆ; ಅದರ ಬಲ 5 ನ್ಯೂಟನ್ ಮೀಟರ್, ದೊಡ್ಡ ಪವರ್ ಸಪ್ಲೈ ಹಾಕಿದರೆ 8.

ಗೇರು, ಬೆಲ್ಟುಗಳ ಘರ್ಷಣೆಯಲ್ಲಿ ಸಣ್ಣ ಬಲಗಳು ಸತ್ತುಹೋಗುತ್ತವೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ನಡುವೆ ಸಡಿಲ ಅನ್ನಿಸುವುದು ಅದಕ್ಕೇ. 'ಮಿನಿಮಮ್ ಫೋರ್ಸ್' ಸೆಟ್ಟಿಂಗ್ ಅತಿ ಸಣ್ಣ ಸಂಕೇತವನ್ನೂ ಘರ್ಷಣೆ ಮೀರುವಷ್ಟು ಎತ್ತಿಕೊಡುತ್ತದೆ. ಒಂದೊಂದೇ ಅಂಕ ಏರಿಸುತ್ತ, ಸ್ಟೀರಿಂಗ್ ನಡುವೆ ಗಡಗಡ ನಡುಗಲು ಶುರುವಾದ ಕೂಡಲೇ ಒಂದೆರಡು ಅಂಕ ಹಿಂದೆ ಬಂದರೆ ಸರಿಹೋಗುತ್ತದೆ. ಡೈರೆಕ್ಟ್ ಡ್ರೈವ್‌ಗೆ ಇದನ್ನು ಸೊನ್ನೆಯಲ್ಲೇ ಬಿಡುವುದು ವಾಡಿಕೆ.

ಡ್ಯಾಂಪಿಂಗ್ ಮತ್ತು ಇತರ ಪರಿಣಾಮಗಳು

ನೇರ ರಸ್ತೆಯಲ್ಲಿ ಕೈಬಿಟ್ಟರೆ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತ ಜೋರಾಗುವುದುಂಟು. ಆಟದ ಲೆಕ್ಕ ಮೋಟಾರಿಗೆ ತಲುಪುವಷ್ಟರಲ್ಲಿ ಸಣ್ಣ ವಿಳಂಬವಾಗುತ್ತದೆ. ಸ್ಟೀರಿಂಗ್ ನಡುಬಿಂದು ದಾಟಿದ ಮೇಲೂ ಹಳೆಯ ಆದೇಶದ ತಳ್ಳುವಿಕೆ ನಡೆದೇ ಇರುತ್ತದೆ. ಡ್ಯಾಂಪಿಂಗ್ ತಿರುಗುವ ವೇಗಕ್ಕೆ ತಕ್ಕ ಪ್ರತಿರೋಧ ಒಡ್ಡಿ ಈ ಹೊಯ್ದಾಟವನ್ನು ತಣಿಸುತ್ತದೆ. ಅತಿಯಾದರೆ ಇನ್ನೊಂದು ತೊಂದರೆ: ಹಿಂಬದಿ ಜಾರಿದಾಗ ಸ್ಟೀರಿಂಗ್ ತಾನೇ ಎದುರು ದಿಕ್ಕಿಗೆ ಸುತ್ತಿಕೊಳ್ಳಬೇಕು, ಅದು ನಿಧಾನವಾಗುತ್ತದೆ. ಡ್ರಿಫ್ಟ್ ಮಾಡುವವರು (ಬೇಕೆಂದೇ ಹಿಂಬದಿ ಜಾರಿಸಿ ಓಡಿಸುವವರು) ಡ್ಯಾಂಪಿಂಗನ್ನು ತೀರಾ ಕಡಿಮೆ ಇಡುವುದು ಈ ಕಾರಣಕ್ಕೆ.

ನಡುವಿಗೆ ಎಳೆಯುವ ಕೃತಕ ಸ್ಪ್ರಿಂಗ್ ಸೆಟ್ಟಿಂಗನ್ನು ಪೂರ್ತಿ ತೆಗೆದುಹಾಕುವುದೇ ಒಳ್ಳೆಯದು. ಟೈರಿನ ಲೆಕ್ಕಕ್ಕೆ ಸಂಬಂಧವಿಲ್ಲದ ಆ ಎಳೆತ, ಹಿಡಿತ ತಪ್ಪಿದಾಗಿನ ಹಗುರತನವನ್ನು ಮುಚ್ಚಿಬಿಡುತ್ತದೆ. ಕರ್ಬ್, ರಸ್ತೆಯ ಒರಟುತನಗಳಿಗೆ ಆಟ ಸೇರಿಸುವ ಹೆಚ್ಚುವರಿ ನಡುಕವೂ ಅದೇ 10,000ದ ಮಿತಿಯೊಳಗೆ ಜಾಗ ತಿನ್ನುತ್ತದೆ. ಸಣ್ಣ ಮೋಟಾರಿನವರು ಇವನ್ನು ಸೊನ್ನೆಗಿಟ್ಟು ಶುರುಮಾಡಿ, ಬೇಕೆನಿಸಿದರೆ ಚೂರು ಸೇರಿಸಿಕೊಳ್ಳಬಹುದು.

ತಿರುಗುವ ಕೋನ, ಸುರಕ್ಷತೆ

ಬಲ ಮುಟ್ಟುವ ಮೊದಲೇ ಸ್ಟೀರಿಂಗ್ ತಿರುಗುವ ಕೋನ ಆಟದ ಕಾರಿಗೆ ಹೊಂದಿದೆಯೇ ನೋಡಬೇಕು. ಜಿ29 ಒಟ್ಟು 900 ಡಿಗ್ರಿ ತಿರುಗುತ್ತದೆ, ರೇಸ್ ಕಾರುಗಳಿಗೆ ಬೇಕಾಗುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ತೆರೆಯ ಮೇಲಿನ ಸ್ಟೀರಿಂಗೂ ಕೈಯಲ್ಲಿರುವುದೂ ಒಟ್ಟಿಗೆ ತಿರುಗಿದರೆ ಸರಿಯಿದೆ ಎಂದರ್ಥ.

ಹೆಚ್ಚು ಶಕ್ತಿಯ ಡೈರೆಕ್ಟ್ ಡ್ರೈವ್ ಮೋಟಾರುಗಳು ಬೆರಳು, ಮಣಿಕಟ್ಟುಗಳನ್ನು ಗಾಯಗೊಳಿಸಬಲ್ಲವು. ಸಿಮುಕ್ಯೂಬ್ 2 ಪ್ರೊ 25 ನ್ಯೂಟನ್ ಮೀಟರ್ ಬಲ ಕೊಡುತ್ತದೆ. ಕಾರು ಗೋಡೆಗೆ ಬಡಿದ ಕ್ಷಣದಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಸುತ್ತಬಹುದು. ಹೆಬ್ಬೆರಳನ್ನು ಕಡ್ಡಿಗಳ ಒಳಗೆ ಸಿಕ್ಕಿಸದೆ ಅಂಚಿನ ಮೇಲಿಡಬೇಕು, ಡಿಕ್ಕಿ ಖಚಿತವೆನಿಸಿದರೆ ಸ್ಟೀರಿಂಗ್ ಬಿಟ್ಟುಬಿಡಬೇಕು. ಬಲ ನಿಲ್ಲಿಸುವ ತುರ್ತು ಬಟನ್ ಇದ್ದರೆ ಅದು ಕೈಗೆಟಕುವಲ್ಲಿರಲಿ. ಮೊದಲ ಸಲ ಚಾಲೂ ಮಾಡುವಾಗ ಬಲವನ್ನು ಕಾಲುಭಾಗಕ್ಕಿಂತ ಹೆಚ್ಚು ಇಡಬಾರದು.